ಬಾವುಟ ಯಾರಿಗೆ, ಕಲ್ಲು ಯಾರಿಗೆ?

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇರಿಸಿದ ಸ್ಮಾರಕವಿದೆ. ಜನ ಅದನ್ನು ಹುತಾತ್ಮರ ಸ್ಮಾರಕವೆಂದೇ ಕರೆಯುತ್ತಾರೆ. ಅಲ್ಲಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ನಡೆದರೆ ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ ವೀರಗಲ್ಲುಗಳು ಸಿಗುತ್ತವೆ. ಕಾಲ ಬೇರೆ, ಸಾವು ಬೇರೆ. ಆದರೂ ಸ್ಮಾರಕ ಮತ್ತು ಕಲ್ಲು ಕೇಳುವ ಪ್ರಶ್ನೆ ಒಂದೇ. ಮಡಿದವರಲ್ಲಿ ಗೌರವ ಯಾರಿಗೆ? ಅದನ್ನು ತೀರ್ಮಾನಿಸುವವರು ಯಾರು?

ಗಾಂಧೀಜಿ ಸ್ವತಂತ್ರ ಭಾರತದಲ್ಲಿ ಯಾವ ಹುದ್ದೆಯನ್ನೂ ಹಿಡಿದವರಲ್ಲ. ಆದರೂ 1948ರ ಜನವರಿ 31ರಂದು ಅವರ ದೇಹ ಹೊತ್ತದ್ದು ಸೇನೆಯ ವಾಹನ. ಅದನ್ನು ಹಗ್ಗ ಕಟ್ಟಿ ಎಳೆದವರು ಭೂಸೇನೆ, ನೌಕಾಪಡೆ, ವಾಯುಪಡೆಗಳ ಸಿಬ್ಬಂದಿ. ಅಹಿಂಸೆಯ ಹಾದಿಯಲ್ಲಿ ನಡೆದವರಿಗೆ ಫೌಜಿನ ಮೆರವಣಿಗೆ! ಅದು ಯಾವ ಕಾಯ್ದೆಯ ಕಲಮಿನಿಂದಲೂ ಬಂದದ್ದಲ್ಲ, ಸರ್ಕಾರದ ತೀರ್ಮಾನದಿಂದ ಬಂದದ್ದು.

ಇಂದಿಗೂ ಇಲ್ಲಿ ಕಾನೂನು ಬಿಗಿಯಾಗಿ ಮಾತಾಡುವುದು ಸತ್ತವರ ಬಗ್ಗೆ ಅಲ್ಲ, ಬಾವುಟದ ಬಗ್ಗೆ. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಗೆ ಮುಂದೆ ಸೇರಿಸಿದ ವಿವರಣೆಯ ಪ್ರಕಾರ, ರಾಷ್ಟ್ರಧ್ವಜವನ್ನು ಹೊದಿಕೆಯಾಗಿ ಬಳಸಲು ಅವಕಾಶ ಮೂರು ಕಡೆ ಮಾತ್ರ: ಸರ್ಕಾರಿ ಗೌರವದ ಅಂತ್ಯಕ್ರಿಯೆ, ಸಶಸ್ತ್ರ ಪಡೆಗಳ ಅಂತ್ಯಕ್ರಿಯೆ, ಅರೆಸೇನಾ ಪಡೆಗಳ ಅಂತ್ಯಕ್ರಿಯೆ. ಮೀರಿದರೆ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಕೇಸರಿ ತಲೆಯ ಕಡೆಗಿರಬೇಕು, ಬಾವುಟ ಗುಂಡಿಗೂ ಇಳಿಯಬಾರದು, ಚಿತೆಯಲ್ಲೂ ಬೇಯಬಾರದು ಎನ್ನುತ್ತದೆ 2002ರ ಧ್ವಜ ಸಂಹಿತೆ. ರಾಜ್ಯದ ಪೊಲೀಸರ ಹೆಸರು ಆ ಮೂರರಲ್ಲಿ ಪ್ರತ್ಯೇಕವಾಗಿ ಇಲ್ಲ. ಪೇದೆಯಾಗಲಿ, ಕವಿಯಾಗಲಿ, ನಟನಾಗಲಿ, ಅವರಿಗೆ ತೆರೆದಿರುವುದು 'ಸರ್ಕಾರಿ ಗೌರವ'ದ ಬಾಗಿಲು. ಅದರ ಚಿಲಕ ಅಧಿಕಾರದಲ್ಲಿರುವವರ ಕೈಯಲ್ಲಿದೆ.

'ಹುತಾತ್ಮ' ಎಂಬ ಪದದ ಗತಿ ಇನ್ನೂ ವಿಚಿತ್ರ. ಸೇನೆಯಲ್ಲಾಗಲಿ ಕೇಂದ್ರ ಪೊಲೀಸ್ ಪಡೆಗಳಲ್ಲಾಗಲಿ ಮಡಿದವರಿಗೆ ಆ ಬಗೆಯ ಪದವನ್ನು ಅಧಿಕೃತವಾಗಿ ಬಳಸುವುದಿಲ್ಲ ಎಂದು 2015ರ ಡಿಸೆಂಬರಿನಲ್ಲಿ ಗೃಹ ಸಚಿವಾಲಯವೇ ಲೋಕಸಭೆಗೆ ತಿಳಿಸಿತು. ಕೂಡ್ಲಿಗಿಯ ಜನರ ಬಾಯಲ್ಲಿ ಸಲೀಸಾಗಿ ಬರುವ ಪದ ಸರ್ಕಾರದ ಕಡತದಲ್ಲಿಲ್ಲ.

ಹಳೆಯ ಕನ್ನಡ ನಾಡಿನಲ್ಲಿ ಅರ್ಹತೆ ಮಾಡಿದ ಕೆಲಸದಿಂದ ಬರುತ್ತಿತ್ತು. ತುರುಗೊಳ್ ಅಂದರೆ ದನ ಹಿಡಿದೊಯ್ಯುವವರ ದಾಳಿ. ಪೆಣ್ಬುಯ್ಯಲ್ ಅಂದರೆ ಆಪತ್ತಿಗೆ ಸಿಕ್ಕ ಹೆಂಗಸರ ಮೊರೆ. ಇವುಗಳಿಗೆ ಓಗೊಟ್ಟು ಕಾದಿ ಬಿದ್ದವನಿಗೆ ಕಲ್ಲು ನಿಲ್ಲುತ್ತಿತ್ತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿಯೂ ಸಂದಿತು. ಈ ಪದ್ಧತಿಯನ್ನು ತೀರಾ ಹೊಗಳುವಂತೆಯೂ ಇಲ್ಲ. ಹೆಣ್ಣಿಗೆ ಹೆಚ್ಚಾಗಿ ಸಿಕ್ಕಿದ್ದು ಗಂಡನ ಚಿತೆ ಏರಿದ್ದಕ್ಕೆ ಮಾಸ್ತಿಗಲ್ಲು.

ಆದರೆ ಆ ಗೌರವ ಕಲ್ಲಿಗೇ ಮುಗಿಯುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ, ಕಲ್ನಾಡು ಎಂಬ ಹೆಸರುಗಳೇ ಇದ್ದವು. ಬೇಗೂರಿನ ಶಾಸನದಲ್ಲಿ ನಾಗತ್ತರ ತುಂಬೆಪಾಡಿಯಲ್ಲಿ ಕಾದಿ ಮಡಿದ ಮೇಲೆ ಗಂಗರ ಎರೆಯಪ್ಪ ಬೆಂಪೂರು-12ನ್ನು ಇರುಗನಿಗೆ ಕಲ್ನಾಡಾಗಿ ಕೊಟ್ಟ. ಸತ್ತವನ ಹೆಸರು ಮತ್ತು ಉಳಿದವರ ಅನ್ನ ಒಂದೇ ಕಲ್ಲಿನ ಮೇಲೆ ಬಂದವು.

ಆತಕೂರಿರುವ ಅದೇ ಮದ್ದೂರು ತಾಲ್ಲೂಕಿನ ಗುಡಿಗೆರೆಗೆ 2019ರ ಫೆಬ್ರವರಿಯಲ್ಲಿ ಪುಲ್ವಾಮಾದಿಂದ ಸಿಆರ್‌ಪಿಎಫ್ ಯೋಧ ಗುರು ಅವರ ದೇಹ ಬಂತು. ಹೊದಿಸಿದ ತ್ರಿವರ್ಣ ಸೇನೆಯ ಯೋಧನಿಗೆ ಹೊದಿಸುವಂಥದೇ. ಬದುಕಿ ನಿವೃತ್ತರಾಗುವವರ ಪಿಂಚಣಿ ಮಾತ್ರ ಹಾಗಿರಲಿಲ್ಲ: 2004ರಿಂದೀಚೆಗೆ ಸೇರಿದ ಅರೆಸೇನಾ ಸಿಬ್ಬಂದಿಯನ್ನು ಹೊಸ ಯೋಜನೆಗೆ ಹಾಕಲಾಯಿತು, ಸೇನೆಗೆ ಹಳೆಯದೇ ಉಳಿಯಿತು. ಪೆಟ್ಟಿಗೆಯ ಮೇಲೆ ಕಾನೂನು ತೋರಿದ ಸಮಾನತೆ ಮನೆಯ ಹೊಸ್ತಿಲವರೆಗೆ ಬರಲಿಲ್ಲ. ಬಾವುಟ ಯಾರಿಗೆ ಸಲ್ಲಬೇಕೆಂದು ವಾದಿಸುವಾಗ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಕಲ್ನಾಡಿನದು.