ಎರಡನೇ ಕೈ ಎಲ್ಲಿಂದ ತರೋದು?

ಸೊಂಟದಲ್ಲಿ ಪಿಸ್ತೂಲಿದೆ. ಎದುರಿಗೆ ಶತ್ರು ಇದ್ದಾನೆ. ಎಡಗೈಗೆ ಗಾಯವಾಗಿದೆ. ಏನ್ ಮಾಡ್ತೀರಿ?

ಸಿನಿಮಾದಲ್ಲಾದರೆ ಟ್ರಿಗರ್ ಎಳೆದರೆ ಮುಗೀತು. ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ ಕೋಲ್ಟ್ ಪಿಸ್ತೂಲಿನಲ್ಲಿ ಅದು ಅಷ್ಟು ಸಲೀಸಲ್ಲ ಸ್ವಾಮಿ. ಜಾನ್ ಬ್ರೌನಿಂಗ್ ರೂಪಿಸಿದ ಆ ಪಿಸ್ತೂಲು ಸಿಂಗಲ್ ಆಕ್ಷನ್. ಅಂದ್ರೆ ಟ್ರಿಗರ್‌ಗೆ ಒಂದೇ ಕೆಲಸ, ಹ್ಯಾಮರ್ ಬೀಳಿಸೋದು. ಹ್ಯಾಮರ್ ಮೊದಲೇ ಎದ್ದು ನಿಂತಿರಬೇಕು. ಹಾಗೆ ಎಬ್ಬಿಸಿ, ಸೇಫ್ಟಿ ಹಾಕಿಕೊಂಡು ಓಡಾಡೋಕೆ ಎಷ್ಟೋ ಮಂದಿಗೆ ಭಯ. ಚೇಂಬರಿನಲ್ಲಿ ಗುಂಡಿಡದೆ ತಿರುಗಿದರೋ, ಸಮಯಕ್ಕೆ ಸ್ಲೈಡ್ ಎಳೆಯಲು ಎರಡನೇ ಕೈ ಬೇಕು.

ಜರ್ಮನಿಯ ವಾಲ್ಥರ್ ಕಂಪನಿ 1929ರಲ್ಲೇ ದಾರಿ ತೋರಿಸಿತ್ತು. ಡಬಲ್ ಆಕ್ಷನ್! ಗುಂಡು ಒಳಗಿದ್ದು ಹ್ಯಾಮರ್ ಮಲಗಿದ್ದರೂ ಸಾಕು, ಟ್ರಿಗರ್ರೇ ಅದನ್ನು ಎತ್ತುತ್ತೆ, ಬೀಳಿಸುತ್ತೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಹಿಡಿದ ಪಿ-38 ಕೂಡ ಇದೇ ಜಾತಿಯದು.

1970ರ ದಶಕದಲ್ಲಿ, ಜರ್ಮನಿಯಿಂದ ಬಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ನೆಲೆಸಿದ್ದ ಲೂಯಿಸ್ ಸೀಕ್ಯಾಂಪ್ ಎಂಬ ಕುಶಲಕರ್ಮಿ ಹಳೇ ಕೋಲ್ಟನ್ನೇ ಡಬಲ್ ಆಕ್ಷನ್ ಮಾಡಿಕೊಡತೊಡಗಿದರು. ಮೊದಲ ಗುಂಡಿಗೆ ಟ್ರಿಗರ್ ಭಾರ, ಆಮೇಲಿನವಕ್ಕೆ ಹಗುರ. ಕೋಲ್ಟ್ ಭಕ್ತರು ಮೂಗು ಮುರಿದರು. ಡಬಲ್ ಆಕ್ಷನ್ ಅನ್ನೋದೇ ಇಲ್ಲದ ಸಮಸ್ಯೆಗೆ ಹುಡುಕಿದ ಪರಿಹಾರ ಅಂತ ಶೂಟಿಂಗ್ ಗುರು ಜೆಫ್ ಕೂಪರ್ ಗೇಲಿ ಮಾಡಿದ್ದರು.

ಸಮಸ್ಯೆ ಇರಲಿಲ್ವಾ? ನನ್ನನ್ನು ಕೇಳಿದರೆ, ಇತ್ತು. ಪಿಸ್ತೂಲಿನಲ್ಲಲ್ಲ, ಅದನ್ನು ಸೊಂಟಕ್ಕೆ ಕಟ್ಟಿಕೊಂಡವನ ಎದೆಯಲ್ಲಿ. 1985ರಲ್ಲಿ ಅಮೆರಿಕದ ಸೇನೆ ಕೋಲ್ಟ್ ಬದಲಿಗೆ ಇಟಲಿಯ ಬೆರೆಟ್ಟಾ ಆರಿಸಿಕೊಂಡಿತು. ಅದು ಡಬಲ್ ಆಕ್ಷನ್.