ಸತ್ತ ವೀರ, ಸಾಯದ ನಾಯಕ

ಮಡಿವಾಳದಿಂದ ಹೊಸೂರು ರಸ್ತೆ ಹಿಡಿದು ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ಹೊರಳಿದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಕ್ರಿ.ಶ. 890ರ ಸುಮಾರಿನ ವೀರಗಲ್ಲಿದೆ. ‘ಬೆಂಗಳೂರು’ ಎಂಬ ಹೆಸರಿಗೆ ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ದಾಖಲೆ ಅದೇ. ಅದು ಸಾರುವುದು ಬೆಂಗಳೂರ ಕಾಳಗದಲ್ಲಿ ಮಡಿದ ಸುದ್ದಿ. ಅಂದು ವೀರನೆನಿಸಿ ಕಲ್ಲಿಗೇರಬೇಕಾದರೆ ಸಾಯಬೇಕಿತ್ತು.

ಸಿನಿಮಾ ಈ ಲೆಕ್ಕವನ್ನೇ ತಿರುವುಮುರುವು ಮಾಡಿತು. ಹತ್ತು ಬಂದೂಕುಗಳ ಗುರಿಯೂ ತಪ್ಪುತ್ತದೆ; ಕಾರು ಕಂದಕಕ್ಕೆ ಉರುಳಿದರೂ ನಾಯಕನ ಹಣೆಗೊಂದು ಬ್ಯಾಂಡೇಜು ಸಾಕು. (ಅದೂ ಮುಂದಿನ ಹಾಡಿನ ಹೊತ್ತಿಗೆ ಮಾಯ!) ಇದು ಕತೆಗಾರನ ಸೋಮಾರಿತನವಷ್ಟೇ ಅಲ್ಲ. ಕತೆ ನಿಂತಿರುವುದು ಅವನ ಮೇಲೆ, ಟಿಕೆಟ್ ಮಾರಾಟವಾಗುವುದೂ ಅವನ ಹೆಸರಿನಲ್ಲಿ. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ರಾಮಾಚಾರಿಯನ್ನು ಬೆಟ್ಟದಿಂದ ಧುಮುಕಿಸಿದರು. ವಿಷ್ಣುವರ್ಧನ್ ಆಗ ಹೊಸಬರು. ಹೆಸರಾಂತ ನಟರಾಗಿದ್ದರೆ ಅಂಥ ಅಂತ್ಯಕ್ಕೆ ಎಲ್ಲರೂ ಒಪ್ಪುತ್ತಿದ್ದರೋ ಇಲ್ಲವೋ!

ನಾಯಕ ಬದುಕುವುದು ಖಚಿತವಾದಷ್ಟೂ ಪ್ರೇಕ್ಷಕರ ಎದೆ ನಡುಗಿಸಲು ಅಪಾಯ ಇನ್ನಷ್ಟು ದೊಡ್ಡದಾಗಬೇಕು. ತೊಡಕಿರುವುದು ಇಲ್ಲಿಯೇ. ಚಿತ್ರೀಕರಣದ ನೀರು ಕತೆಯ ನೀರಲ್ಲ.

2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರದ ಕೊನೆಯ ಸಾಹಸ ದೃಶ್ಯ ತೆಗೆಯಲಾಗುತ್ತಿತ್ತು. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ನಟ ದುನಿಯಾ ವಿಜಯ್ ಪಾರಾದರು. ಖಳರ ಪಾತ್ರದಲ್ಲಿದ್ದ ಅನಿಲ್ ಮತ್ತು ಉದಯ್ ಮೇಲೇಳಲಿಲ್ಲ. ತಮಗೆ ಈಜು ಅಷ್ಟಾಗಿ ಬಾರದು, ಎತ್ತರವೆಂದರೆ ಭಯ ಎಂದು ಉದಯ್ ಹಾರುವ ಮುನ್ನವೇ ಟಿವಿ ವರದಿಗಾರರ ಮುಂದೆ ಹೇಳಿದ್ದರು. ಚಿತ್ರ 2017ರ ಮೇ ತಿಂಗಳಲ್ಲಿ ತೆರೆಗೆ ಬಂತು.