ಹಕ್ಕು ಬರೆದ ಕೈ, ಮನುಷ್ಯರನ್ನು ಮಾರಿದ ಕೈ

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅವನ ತಮ್ಮನ ಮಗ ಬುಶ್‌ರಾಡ್ ವಾಷಿಂಗ್ಟನ್ ಗೊತ್ತಿಲ್ಲ. ನ್ಯಾಯ ಅನ್ನೋದು ಯಾರ ಮನೆಯ ಆಸ್ತಿ ಅಂತ ಕೇಳುವ ನಾವು ಈ ನ್ಯಾಯಾಧೀಶನನ್ನು ಒಮ್ಮೆ ನೋಡಬೇಕು.

1762ರಲ್ಲಿ ವರ್ಜೀನಿಯಾದ ಜಮೀನ್ದಾರರ ಮನೆಯಲ್ಲಿ ಹುಟ್ಟಿದ. ಫಿಲಡೆಲ್ಫಿಯಾದ ಜೇಮ್ಸ್ ವಿಲ್ಸನ್ ಬಳಿ ಕಾನೂನು ಕಲಿತ. ಆ ಗುರು ಸುಪ್ರೀಂ ಕೋರ್ಟಿನ ಜಡ್ಜಾಗಿದ್ದು 1798ರಲ್ಲಿ ಸತ್ತಾಗ ಅವನ ಪೀಠವೇ ಶಿಷ್ಯನಿಗೆ ಸಿಕ್ಕಿತು. ಆಗ ವಯಸ್ಸು 36. 1829ರಲ್ಲಿ ಸಾಯುವತನಕ ಇಳಿಯಲಿಲ್ಲ.

ಜಾರ್ಜ್ ವಾಷಿಂಗ್ಟನ್ 1799ರಲ್ಲಿ ಸತ್ತ. ತನ್ನ ಸ್ವಂತ ಗುಲಾಮರಿಗೆ ಬಿಡುಗಡೆಯಾಗಲಿ ಅಂತ ಉಯಿಲು ಬರೆದಿದ್ದ. ಅವನ ಹೆಂಡತಿ ಮಾರ್ಥಾ 1802ರಲ್ಲಿ ತೀರಿದ ಮೇಲೆ ಮೌಂಟ್ ವರ್ನನ್ನಿನ ಮನೆ, ಹೊಲ ಬುಶ್‌ರಾಡನಿಗೆ ಬಂದವು. ದೊಡ್ಡಪ್ಪನ ಆಸ್ತಿ ಬಂತು, ಬುದ್ಧಿ ಬರಲಿಲ್ಲ. ತನ್ನ ಗುಲಾಮರನ್ನು ತಂದು ಅದೇ ಹೊಲದಲ್ಲಿ ದುಡಿಸಿದ.

1816ರ ಕೊನೆಗೆ ಅಮೆರಿಕನ್ ಕಾಲೊನೈಸೇಷನ್ ಸೊಸೈಟಿ ಹುಟ್ಟಿತು. ಬಿಡುಗಡೆಯಾದ ಕರಿಯರನ್ನು ಆಫ್ರಿಕಕ್ಕೆ ಸಾಗಹಾಕುವ ಸಂಘ ಅದು. ಮೊದಲ ಅಧ್ಯಕ್ಷ ಈ ನ್ಯಾಯಮೂರ್ತಿಯೇ! 1817ರ ಜನವರಿಯಲ್ಲಿ ಫಿಲಡೆಲ್ಫಿಯಾದ ಸ್ವತಂತ್ರ ಕರಿಯರು ಬೆತೆಲ್ ಚರ್ಚಿನಲ್ಲಿ ಸೇರಿದರು. ಗುಲಾಮರಾಗಿರುವ ಅಣ್ಣತಮ್ಮಂದಿರನ್ನು ಬಿಟ್ಟು ತಾವಾಗಿ ಎಲ್ಲಿಗೂ ಹೋಗುವುದಿಲ್ಲ ಅಂತ ನಿರ್ಣಯ ಮಾಡಿದರು. ಸಂಘಟನೆ ಅಂದರೆ ಇದು.

1821ರಲ್ಲಿ ಬುಶ್‌ರಾಡ್ 54 ಜನ ಗುಲಾಮರನ್ನು ದೂರದ ಲೂಸಿಯಾನಕ್ಕೆ ಮಾರಿದ. ಪತ್ರಿಕೆಗಳು ಛೀಮಾರಿ ಹಾಕಿದವು. ಅವನು ಕೊಟ್ಟ ಉತ್ತರವೇನು ಗೊತ್ತೆ? ಹೊಲದಲ್ಲಿ ನಷ್ಟ, ಗುಲಾಮರು ಮಾತು ಕೇಳುವುದಿಲ್ಲ, ಬಿಡುಗಡೆಯ ಆಸೆ ಅವರ ತಲೆಗೇರಿದೆ, ಕಾನೂನು ಕೊಟ್ಟ ಆಸ್ತಿಯನ್ನು ಮಾರಿದರೆ ಕೇಳಲು ನೀವ್ಯಾರು!

ಎರಡೇ ವರ್ಷ. 1823ರಲ್ಲಿ ಕಾರ್‌ಫೀಲ್ಡ್ ಮತ್ತು ಕೊರಿಯೆಲ್ ಮೊಕದ್ದಮೆ ಇವನ ಮುಂದೆ ಬಂತು. ನ್ಯೂಜೆರ್ಸಿಯ ನೀರಿನಲ್ಲಿ ಹೊರಗಿನವರು ಚಿಪ್ಪುಮೀನು ತೆಗೆಯಬಹುದೇ ಅನ್ನುವ ತಕರಾರು. ತೆಗೆಯುವ ಹಾಗಿಲ್ಲ ಅಂದ. ಅದೇ ತೀರ್ಪಿನಲ್ಲಿ ಪೌರರ ಮೂಲಭೂತ ಹಕ್ಕುಗಳನ್ನು ಪಟ್ಟಿ ಮಾಡಿದ: ಬದುಕುವುದು, ಸ್ವತಂತ್ರವಾಗಿರುವುದು, ಆಸ್ತಿ ಹೊಂದುವುದು, ಬೇಕಾದ ರಾಜ್ಯಕ್ಕೆ ಹೋಗಿ ನೆಲೆಸುವುದು, ಕೋರ್ಟಿನ ಬಾಗಿಲು ತಟ್ಟುವುದು. ಆ 54 ಜನ ಯಾವ ರಾಜ್ಯಕ್ಕೆ ಹೋಗಬೇಕೆಂದು ತೀರ್ಮಾನಿಸಿದವನು ಮಾತ್ರ ತಾನೇ!

ಪಟ್ಟಿ ಅವನ ಜೊತೆ ಸಾಯಲಿಲ್ಲ. ಅಂತರ್ಯುದ್ಧದಲ್ಲಿ ಗುಲಾಮಗಿರಿ ಮುರಿದುಬಿದ್ದ ಮೇಲೆ, 1866ರಲ್ಲಿ, ಸೆನೆಟರ್ ಜೇಕಬ್ ಹೋವರ್ಡ್ ಹದಿನಾಲ್ಕನೆಯ ತಿದ್ದುಪಡಿಯನ್ನು ಮಂಡಿಸುತ್ತ ಅದನ್ನೇ ಓದಿದ. 1868ರಲ್ಲಿ ತಿದ್ದುಪಡಿ ಜಾರಿಗೆ ಬಂತು, ಕರಿಯರೂ ಪೌರರಾದರು. 1873ರಲ್ಲಿ ಸುಪ್ರೀಂ ಕೋರ್ಟೇ ಆ ತಿದ್ದುಪಡಿಯ ಪೌರಹಕ್ಕಿನ ವಾಕ್ಯದ ಹಲ್ಲು ಕಿತ್ತಿತು. ಹೋರಾಟ ಮತ್ತೆ ಬೀದಿಗೆ ಬರಬೇಕಾಯಿತು.

ಹಕ್ಕಿನ ಪಟ್ಟಿ ಬರೆದವನು ಬುಶ್‌ರಾಡ್ ಅಂತ ಕಾನೂನಿನ ಪುಸ್ತಕಗಳು ಹೇಳುತ್ತವೆ. ನಾವು ಬೇರೆ ಹೇಳುತ್ತೇವೆ. ಅವನು ಬರೆಯುವ ಮೊದಲೇ, ಅವನದೇ ಹೊಲದಲ್ಲಿ, ಮಾತು ಕೇಳದೆ ನಿಂತವರು ಅದನ್ನು ಕೇಳಿದ್ದರು. ಕೇಳಿದ್ದಕ್ಕೇ ಮಾರಾಟವಾದರು.